ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮುನ್ನ: ಮರಕ್ಕೊಂದು ಲೆಕ್ಕ, ಕಬ್ಬಿಣಕ್ಕೊಂದು ಲೆಕ್ಕ

ಮನೆ ರವೀಂದ್ರನಗರದಲ್ಲಿ, ತೋಟ ತೀರ್ಥಹಳ್ಳಿ ಕಡೆ. ಶಿವಮೊಗ್ಗದಲ್ಲಿ ಇಂಥ ಕುಟುಂಬಗಳು ಬಹಳ. ಕೊಳೆರೋಗಕ್ಕೆ ಮೊದಲ ಸಲ ಬೋರ್ಡೋ ಹೊಡೆದಾದ ಮೇಲೆ ಎತ್ತಿನ ಗಾಡಿ, ಟಿಲ್ಲರು, ಹಳೇ ಜೀಪು ಎಲ್ಲವೂ ತೋಟದ ಶೆಡ್ಡು ಸೇರುತ್ತವೆ. ಮತ್ತೆ ಅವುಗಳ ನೆನಪಾಗುವುದು ಅಡಿಕೆ ಕೊಯ್ಲಿಗೆ. ದುಡಿಯುವಾಗ ಹಾಳಾಗುವುದಕ್ಕಿಂತ ಹೆಚ್ಚು ಈ ನಾಲ್ಕೈದು ತಿಂಗಳು ಸುಮ್ಮನೆ ನಿಂತಾಗ ಹಾಳಾಗುತ್ತವೆ ಎಂಬುದು ನಾನು ತೋಟಗಳನ್ನು ಸುತ್ತಿ ಕಂಡುಕೊಂಡದ್ದು.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ವಾರ ಕೇಳಿದರು: "ಗಾಡಿಗೆ ಪೂರ್ತಿ ಟಾರ್ಪಾಲು ಸುತ್ತಿ ಕಟ್ಟಿಟ್ಟಿದ್ದೆ ಮಾರಾಯ. ಒಂದು ಹನಿ ಮಳೆ ಬಿದ್ದಿಲ್ಲ. ಆದ್ರೂ ಮೂಕಿ ಬೆರಳಲ್ಲಿ ಒತ್ತಿದ್ರೆ ಪುಡಿ ಆಗ್ತಿದೆ. ಯಾಕೆ?"

"ಮೇಷ್ಟ್ರೇ, ಆ ಟಾರ್ಪಾಲೇ ಕಾರಣ ಇರಬೇಕು" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ವಿಷಯ ಮಾತ್ರ ಸಣ್ಣದಲ್ಲ. ಇಳಿಜಾರಿನಲ್ಲಿ ಹೊರೆ ಹೊತ್ತ ಗಾಡಿಯ ಮೂಕಿ ಮುರಿದರೆ ಪೆಟ್ಟು ಬೀಳುವುದು ಎತ್ತಿಗೆ, ಜೊತೆಗೆ ಮುಂದೆ ಕೂತವರಿಗೆ.

ಮರ ಕೊಳೆಸುವುದು ನೀರಲ್ಲ, ಶಿಲೀಂಧ್ರ. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಅದಕ್ಕೆ ಬದುಕಿಲ್ಲ. ಅದರ ಮೇಲಕ್ಕೆ ಹೋಗಿ, ಗಾಳಿಯೂ ಇದ್ದರೆ ಹಬ್ಬ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ; ನಮ್ಮ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯಲ್ಲಿ ಕೂತು ತೋಟದ ಶೆಡ್ಡಿನ ತೇವವನ್ನು ಅಂದಾಜು ಮಾಡುವುದು ತಪ್ಪುವುದೇ ಇಲ್ಲಿ. ನೆಲದಿಂದ ಏಳುವ ಆವಿ ಟಾರ್ಪಾಲಿನ ಒಳಮೈಗೆ ತಾಗಿ ರಾತ್ರಿ ಹನಿಯಾಗುತ್ತದೆ, ಆ ಹನಿ ಮತ್ತೆ ಮರಕ್ಕೇ ಇಳಿಯುತ್ತದೆ. ಹೊರಗಿನ ಮಳೆ ತಡೆದೆವು, ಒಳಗಿನ ಮಳೆ ಕಟ್ಟಿಹಾಕಿದೆವು. ಹೊದಿಕೆ ಬೇಕಿದ್ದರೆ ಚಪ್ಪರದ ಹಾಗೆ ಮೇಲೆ ಮಾತ್ರ ಇರಲಿ, ನಾಲ್ಕೂ ಬದಿ ಗಾಳಿ ಆಡಲಿ.

ಎರಡನೆಯ ದಾರಿ ಮಣ್ಣಿನ ನೆಲ. ಮರವು ಅಡ್ಡಮೈಗಿಂತ ಕಡಿದ ತುದಿಯಿಂದಲೇ ಹೆಚ್ಚು ನೀರು ಹೀರುತ್ತದೆ. ಮೂಕಿಯ ತುದಿ ನೆಲಕ್ಕೆ ಊರಿ ನಿಲ್ಲಿಸುವ ಅಭ್ಯಾಸ ಇದೆಯಲ್ಲ, ಬಿಟ್ಟುಬಿಡಿ. ಕಲ್ಲಿನ ಮೇಲಿಡಿ. ಅಚ್ಚಿಗೆ ಎರಡೂ ಕಡೆ ದಿಮ್ಮಿ ಕೊಟ್ಟು ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೇಳುವಂತೆ ಮಾಡಿ. ಗೆದ್ದಲು ಹತ್ತುವ ಮಣ್ಣಿನ ದಾರಿಯೂ ಆಗ ಕಣ್ಣಿಗೆ ಬೀಳುತ್ತದೆ.

ಹಾಗಂತ ಮರವನ್ನು ಒಣಗಿಸಿಬಿಟ್ಟರೆ ಸಾಕೇ? ಚಕ್ರದ ವಿಷಯದಲ್ಲಿ ಇಲ್ಲ. ಮರ ಉದ್ದಕ್ಕೆ ಕುಗ್ಗುವುದಿಲ್ಲ ಎಂದೇ ಹೇಳಬಹುದು, ಅಡ್ಡಕ್ಕೆ ಕುಗ್ಗುತ್ತದೆ. ಕಾಯಿಸಿ ಬಿಗಿದ ಕಬ್ಬಿಣದ ಪಟ್ಟಿ ಮಾತ್ರ ಇದ್ದಷ್ಟೇ ಇರುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಚಕ್ರದಲ್ಲಿ ಗುಂಬದ ತೂತು ಸಡಿಲ, ಕಾಲುಗಳು ಕಿಟಕಿಟ, ಪಟ್ಟಿ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತದೆ. ಹಿಂದಿನವರು ದೂರದ ಪಯಣಕ್ಕೆ ಮೊದಲು ಚಕ್ರ ಬಿಚ್ಚಿ ಕೆರೆಯಲ್ಲಿ ನೆನೆಹಾಕುತ್ತಿದ್ದದ್ದು ಇದಕ್ಕೇ. ಅದು ತಾತ್ಕಾಲಿಕ ಬಿಗಿ, ಒಣಗಿದರೆ ಮತ್ತೆ ಸಡಿಲ. ಚಕ್ರಗಳನ್ನು ನೆರಳಲ್ಲಿಟ್ಟು, ಒಣ ದಿನ ನೋಡಿ, ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಬಳಿದರೆ ಮರ ಹಿಗ್ಗುವುದು ಕುಗ್ಗುವುದು ಎರಡೂ ನಿಧಾನವಾಗುತ್ತದೆ. ಹಸಿ ಮರಕ್ಕೆ ಎಣ್ಣೆ, ಬಣ್ಣ ಬಳಿಯಬೇಡಿ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದೂ ಬೇಡ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಒಣಗಿಸಿ.

ದೋಣಿಯ ಲೆಕ್ಕ ಇನ್ನೂ ವಿಚಿತ್ರ. ಶರಾವತಿ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಇನ್ನು ಆ ಕಡೆ ಯಾರದಾದರೂ ಮರದ ದೋಣಿ ಕೆಲಸವಿಲ್ಲದೆ ದಡ ಸೇರಿದ್ದರೆ ಈ ಮಾತು ಅವರಿಗೆ. ಹೊಳೆಯ ನೀರಿಗಿಂತ ದೋಣಿಯೊಳಗೆ ನಿಂತ ಮಳೆನೀರು ಅಪಾಯ. ಅರ್ಧ ನೆನೆದು ಅರ್ಧ ಒಣಗಿದ ಹಲಗೆಯೇ ಬೇಗ ಕೊಳೆಯುವುದು. ಆದ್ದರಿಂದ ದೋಣಿಯನ್ನು ಕವುಚಿ, ದಿಮ್ಮಿಯ ಮೇಲೆ, ನೆರಳಲ್ಲಿಡಿ. ಇಲ್ಲವೇ ಕಲ್ಲು ಹೇರಿ ಸಿಹಿನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಮುಳುಗಿದ ಮರಕ್ಕೆ ಆಮ್ಲಜನಕ ಸಿಗದ್ದರಿಂದ ಶಿಲೀಂಧ್ರ ಬೆಳೆಯುವುದಿಲ್ಲ, ಹಲಗೆ ಬಿರುಕೂ ಬಿಡುವುದಿಲ್ಲ. ಕಬ್ಬಿಣದ ಮೊಳೆ ಜಾಸ್ತಿ ಇರುವ ದೋಣಿಗೆ ಮುಳುಗಿಸುವ ಉಪಾಯ ಬೇಡ. ಸಮುದ್ರದಲ್ಲಂತೂ ಬೇಡವೇ ಬೇಡ, ಅಲ್ಲಿ ಮರ ಕೊರೆಯುವ ಜೀವಿಗಳಿವೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳ ರಿಪೇರಿ ನಡೆಯುವುದು ಈ ಬಿಡುವಿನಲ್ಲೇ. ಮರದ ದೋಣಿಗೆ ಮೀನೆಣ್ಣೆ, ಗೋಡಂಬಿ ಸಿಪ್ಪೆಯ ಎಣ್ಣೆ ಬಳಿಯುವುದು ಅಲ್ಲಿಯ ಹಳೇ ಪದ್ಧತಿ. ಸಿಪ್ಪೆ ಎಣ್ಣೆ ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಬಿದಿರಿನ ಹರಿಗೋಲಿಗೆ ಶತ್ರು ಕುಟ್ಟೆ ಹುಳ. ಹೆಣೆಯುವ ಮೊದಲು ಬಿದಿರನ್ನು ಕೆಲವು ವಾರ ನೀರಲ್ಲಿ ನೆನೆಸಿದರೆ ಪಿಷ್ಟ ಕರಗಿ ಹೋಗಿ ಹುಳದ ಕಾಟ ಕಡಿಮೆ.

ಈಗ ನಮ್ಮ ಅಡಿಕೆ ಸೀಮೆಯದೇ ಒಂದು ಸಮಸ್ಯೆ. ಶೇ. 1ರ ಬೋರ್ಡೋಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಎಲ್ಲರಿಗೂ ಬಾಯಿಪಾಠ. ಉಳಿದ ತುತ್ತದ ಚೀಲ ಇಡುವುದು ಟಿಲ್ಲರಿನ ಮೇಲೆ! ತುತ್ತದಲ್ಲಿರುವ ತಾಮ್ರ ಮರದ ಶಿಲೀಂಧ್ರಕ್ಕೆ ವಿಷ, ನಿಜ. ಕಬ್ಬಿಣದ ಮೇಲೆ ಬಿದ್ದರೆ ಮಾತ್ರ ತಾಮ್ರ ಅದರ ಮೈಗೆ ಅಂಟಿ, ಕಬ್ಬಿಣ ಕರಗಿ ಕೊಚ್ಚಿಹೋಗುತ್ತದೆ. ಯೂರಿಯಾ, ಪೊಟ್ಯಾಷ್ ಚೀಲಗಳೂ ತೇವ ಎಳೆದು ತುಕ್ಕು ಹಿಡಿಸುತ್ತವೆ. ಔಷಧಿ ಗೊಬ್ಬರ ಒಂದು ಕಡೆ, ಗಾಡಿ ಇನ್ನೊಂದು ಕಡೆ. ಬೋರ್ಡೋ ಡ್ರಮ್ಮು ಹೊತ್ತ ಟ್ರೈಲರನ್ನು ತೊಳೆಯದೆ ನಿಲ್ಲಿಸಲೇಬಾರದು.

ಇಂಜಿನ್ನಿನ ವಿಷಯ ಚುಟುಕಾಗಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ, ಅದು ತೇವ ಹೀರುತ್ತದೆ. ಕಳೆ ಕೊಚ್ಚುವ ಯಂತ್ರ, ಪೆಟ್ರೋಲ್ ಪಂಪ್‌ಸೆಟ್ಟುಗಳ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಡೀಸೆಲ್ಲಿಗೆ ಉಲ್ಟಾ: ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದಷ್ಟೂ ಒಳಗೆ ನೀರು ಹನಿಯುತ್ತದೆ. ಬ್ಯಾಟರಿಯ ಋಣ ತಂತಿ ಬಿಚ್ಚಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅಂಟಿಕೊಳ್ಳುತ್ತದೆ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಸೈಲೆನ್ಸರ್ ಬಾಯಿಗೆ ಡಬ್ಬಿ ಮುಚ್ಚಿ, ಸ್ಟಾರ್ಟ್ ಮಾಡುವಾಗ ತೆಗೆಯಲು ಮರೆಯದ ಹಾಗೆ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ. ಇಲಿ ವಯರ್ ಕಡಿಯುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಬಾನೆಟ್ ಎತ್ತುವಾಗ ಮೊದಲು ಕೋಲಿನಿಂದ ತಟ್ಟಿ.

ಬೆಂಕಿಯನ್ನು ನಾವು ಮಳೆಗಾಲದಲ್ಲಿ ಮರೆತೇಬಿಡುತ್ತೇವೆ. ಚಾಮರಾಜನಗರದ ಚಾಮರಾಜೇಶ್ವರ ದೇವಸ್ಥಾನದ ದೊಡ್ಡ ತೇರಿಗೆ 2017ರಲ್ಲಿ ಬೆಂಕಿ ಬಿದ್ದು, ಹೊಸ ತೇರು ಎಳೆಯಲು 2022ರ ಆಷಾಢ ಬರಬೇಕಾಯಿತು. ವರ್ಷದ ಬಹುಪಾಲು ನಿಂತೇ ಇರುವ ಒಣ ಮರ ಅದು. ನಮ್ಮ ಶೆಡ್ಡಿನಲ್ಲಿ ಮರದ ಜೊತೆಗೆ ಅಡಿಕೆ ಸಿಪ್ಪೆ, ಹುಲ್ಲು, ಡೀಸೆಲ್ ಕ್ಯಾನು, ಮೇಲೆ ಜೋತುಬಿದ್ದ ವಯರು. ಇವುಗಳಲ್ಲಿ ಎರಡನ್ನಾದರೂ ಹೊರಗೆ ಹಾಕಿ.

ಕೊಯ್ಲಿಗೆ ಗಾಡಿ ಹೊರತೆಗೆಯುವಾಗ ಮೂಕಿ, ನೊಗ, ಅಚ್ಚು ಕೂರುವ ಮರ, ಈ ಮೂರನ್ನೂ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ತುದಿ ಇಳಿಯುವುದಿಲ್ಲ. ಸುತ್ತಿಗೆಯಿಂದ ತಟ್ಟಿದರೆ ಟಣ್ ಎನ್ನಬೇಕು, ಡಬ್ ಅಂದರೆ ಒಳಗೆ ಪೊಳ್ಳು. ಅನುಮಾನ ಬಂದ ಮರವನ್ನು ತಗಡು ಹೊಡೆದು ಮುಚ್ಚಬೇಡಿ, ಬಡಗಿಗೆ ತೋರಿಸಿ ಬದಲಾಯಿಸಿ. ಎಲ್ಲ ಸರಿ ಕಂಡರೂ ಮೊದಲ ಸುತ್ತು ಖಾಲಿ ಗಾಡಿ, ಸಮತಟ್ಟು ದಾರಿ, ಮಕ್ಕಳು ಗಾಡಿಯ ಮೇಲೆ ಬೇಡ.