ಒಂದೇ ಮರ, ಎರಡು ಬಗೆ ಎಲೆ

ಮಾಜಾಳಿಯ ಅಜ್ಜನ ಮನೆ ಪಾಲಿಗೆ ಬಂತು ಅಂದುಕೊಳ್ಳಿ. ಹಿತ್ತಲ ತುಂಬ ಮರ, ಒಂದರ ಹೆಸರೂ ಗೊತ್ತಿಲ್ಲ. ಕತ್ತಿ ಹಿಡಿಯುವ ಮೊದಲು ಎಲೆ ಕಿವುಚಿ ಮೂಸಿ ನೋಡಿ. ಸೊನೆಯ ಘಾಟು ಬಂದರೆ ಮಾವು. ಚಿಗುರು ಕೆಂಪಗಿದ್ದು, ಗೀರಿದಲ್ಲಿ ಹಳದಿ ಅಂಟು ಜಿನುಗಿದರೆ ಮುರುಗಲು. ತಲೆ ಕೆಡುವುದು ಮಾವಿನ ನೀಳ ಎಲೆಗಳ ನಡುವೆ ದಪ್ಪ, ಅಗಲ, ಬೂದುಹಸಿರು ಎಲೆಗಳ ಪೊದೆ ಕಂಡಾಗ. ಕಿವುಚಿದರೆ ಸೊನೆಯ ವಾಸನೆಯೇ ಇಲ್ಲ! ಅಜ್ಜ ಕಸಿ ಕಟ್ಟಿದ್ದನೇ? ಅಲ್ಲ, ಇದು ಹಕ್ಕಿಯ ಕೆಲಸ.

ಪೊದೆಯ ಹೆಸರು ಬಂದಳಿಕೆ, ಕೆಲವೆಡೆ ಬದನಿಕೆ. ನೆಟ್ಟದ್ದು ಬದನಿಕೆ ಹಕ್ಕಿ. ಎಂಟೇ ಸೆಂಟಿಮೀಟರಿನ, ಮಾಸಲು ಬಣ್ಣದ ಈ ಪುಟಾಣಿ ಕಣ್ಣಿಗೆ ಬೀಳುವ ಮೊದಲು ‘ಚಿಕ್ ಚಿಕ್’ ಎಂದು ಕಿವಿಗೆ ಬೀಳುತ್ತದೆ. ಬಂದಳಿಕೆಯ ಹಣ್ಣನ್ನು ನುಂಗಿದರೆ ಅದಕ್ಕೆ ದಕ್ಕುವುದು ತಿರುಳಷ್ಟೇ. ಬೀಜ ಕೆಲವೇ ನಿಮಿಷಗಳಲ್ಲಿ ಹೊರಗೆ. ಆದರೆ ಬೀಜಕ್ಕೆ ಹಲಸಿನ ಮೇಣದಂಥ ಅಂಟು, ಸುಲಭಕ್ಕೆ ಉದುರದು. ಬಿಡಿಸಿಕೊಳ್ಳಲು ಹಕ್ಕಿ ಕೊಂಬೆಗೆ ಹಿಂಭಾಗ ಒರೆಸುತ್ತದೆ. ಗಿಡಕ್ಕೆ ಬೇಕಾದ್ದೂ ಅದೇ, ನೆಲಕ್ಕೆ ಬಿದ್ದ ಬೀಜಕ್ಕೆ ಬಾಳಿಲ್ಲ. ಕೊಂಕಣ ಸೀಮೆಯಲ್ಲಿ ಈ ವ್ಯವಹಾರವನ್ನು ಗಮನಿಸಿದ ಪಕ್ಷಿತಜ್ಞ ಸಲೀಂ ಅಲಿ 1931ರಲ್ಲೇ ಪ್ರಬಂಧ ಬರೆದಿದ್ದರು. ಈ ವ್ಯವಹಾರದಲ್ಲಿ ಸೂರಕ್ಕಿಗಳಿಗೂ ಪಾಲುಂಟು: ಕೊಳವೆಯಂಥ ಹೂವಿಗೆ ಕೊಕ್ಕು ಹಾಕಿ ಮಕರಂದ ಹೀರುತ್ತ ಅವು ಪರಾಗ ಸಾಗಿಸುತ್ತವೆ.

ಮೊಳೆತ ಬೀಜ ತೊಗಟೆ ಕೊರೆದು ಮಾವಿನ ನೀರಿನ ಕೊಳವೆಗೇ ಬಾಯಿ ಹಾಕುತ್ತದೆ. ಎಲೆ ಹಸಿರಾದ್ದರಿಂದ ಅಡುಗೆ ಸ್ವಂತದ್ದು, ನೀರು ಮತ್ತು ಲವಣ ಮಾತ್ರ ಕದ್ದದ್ದು. ಪೊದೆಯಾಚೆಗಿನ ಕೊಂಬೆ ಬಡಕಲಾಗುತ್ತ ಬರುತ್ತದೆ.

ದೋಟಿ ಹಾಕಿ ಪೊದೆಯನ್ನಷ್ಟೇ ಎಳೆದು ಹಾಕುವವರು ಬಹಳ. ವ್ಯರ್ಥ ಶ್ರಮ. ಬೇರು ಒಳಗೇ ಉಳಿದಿರುತ್ತದೆ, ತೊಗಟೆಯ ಮೇಲೂ ಬಳ್ಳಿಯಂತೆ ಹರಿದಿರುತ್ತದೆ, ಮತ್ತೆ ಚಿಗುರುತ್ತದೆ. ಅಂಟಿಕೊಂಡ ಗಂಟಿಗಿಂತ ಒಂದೆರಡು ಅಡಿ ಕಾಂಡದ ಕಡೆಗೆ ಸರಿದು ಕೊಂಬೆಯನ್ನೇ ಗರಗಸದಿಂದ ಕೊಯ್ಯಬೇಕು, ಅದೂ ಬಂದಳಿಕೆ ಹಣ್ಣಾಗುವ ಮುಂಚೆ. ಮರ ಅಂಕೋಲೆಯ ಕರಿ ಇಶಾಡ್ ಆಗಿದ್ದರೆ ಕೈ ನಡುಗೀತು. 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ತಳಿ ಅದು. ಆದರೂ ಕೊಯ್ಯಿರಿ.

ಬೇಲಿಯಂಚಿನ ಯಾವುದೋ ಕಾಡುಮರದಲ್ಲೊಂದು ಪೊದೆ ಇದ್ದರೆ ನಾನಾದರೆ ಸೂರಕ್ಕಿಗೆಂದು ಬಿಟ್ಟೇನು. ಪಕ್ಕದ ಹಿತ್ತಲಿನವರು ಒಪ್ಪುವುದಿಲ್ಲ. ಅವರದ್ದೂ ಮಾವಿನ ಮರಗಳಿವೆ.