ದಿನವಿಡೀ ಗಾರ್ಮೆಂಟ್ಸ್‌ನಲ್ಲಿ ಹೊಲಿದವರು ಮನೆಗೆ ಬಂದು ಮತ್ತೆ ಸೂಜಿ ಹಿಡಿಯೋದು ಯಾಕೆ? ಇಲ್ಲಿದೆ ವಿವರ

ಮಾದನಾಯಕನಹಳ್ಳಿ: ತುಮಕೂರು ರಸ್ತೆಯ ಈ ಭಾಗದಲ್ಲಿ ಹೊಲಿಗೆ ಅಂದ್ರೆ ಮೊದಲು ನೆನಪಾಗೋದು ಗಾರ್ಮೆಂಟ್ಸ್. ಬೆಳಗ್ಗೆ ಟಿಫನ್ ಬಾಕ್ಸ್ ಹಿಡಿದು ಪೀಣ್ಯ, ದಾಸರಹಳ್ಳಿ, ನೆಲಮಂಗಲ ಕಡೆ ಬಸ್ ಹತ್ತುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ದಿನಕ್ಕೆ ಎಂಟು ಗಂಟೆ ಮೆಷಿನ್ ಮುಂದೆ ಕೂರುವವರು. ಆದರೆ ರಜೆ ದಿನ, ಸಂಜೆ ಹೊತ್ತು ಇಂಥವರ ಕೈಯಲ್ಲೇ ಮತ್ತೆ ಸೂಜಿ ದಾರ ಕಾಣಿಸುತ್ತೆ. ಸೀರೆ ಸೆರಗಿಗೆ ಕುಚ್ಚು ಕಟ್ಟೋದು, ಉಲ್ಲನ್‌ನಲ್ಲಿ ಬಾಗಿಲಿಗೆ ತೋರಣ ಹಾಕೋದು, ಹಳೇ ಸೀರೆ ಜೋಡಿಸಿ ಕೌದಿ ಹೊಲಿಯೋದು.

'ಅಲ್ಲೂ ಹೊಲಿಗೆ, ಇಲ್ಲೂ ಹೊಲಿಗೆ, ಬೇಜಾರಾಗಲ್ವಾ?' ಅಂತ ನೋಡಿದವರಿಗೆ ಅನ್ನಿಸೋದು ಸಹಜ. ಉತ್ತರ ಕೆಲಸದ ರೀತಿಯಲ್ಲೇ ಇದೆ.

ಒಂದು ಶರ್ಟು, ಹತ್ತಾರು ಕೈ

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಒಬ್ಬರೇ ಒಂದು ಶರ್ಟು ಹೊಲಿಯೋದಿಲ್ಲ. ಕೆಲಸವನ್ನು ತುಂಡು ತುಂಡು ಮಾಡಿ ಲೈನಿನಲ್ಲಿ ಹಂಚಿರ್ತಾರೆ. ಒಬ್ಬರು ಕಾಲರ್, ಇನ್ನೊಬ್ಬರು ಕಫ್, ಮತ್ತೊಬ್ಬರು ಜೇಬು, ಆಮೇಲೆ ತೋಳು ಜೋಡಿಸುವವರು, ಸೈಡ್ ಹೊಲಿಯುವವರು, ಕಾಜಾ ಮಾಡುವವರು, ಚೆಕಿಂಗ್‌ನವರು. ಕಾಲರ್ ಹಾಕುವ ಆಪರೇಟರ್‌ಗೆ ವರ್ಷಗಟ್ಟಲೆ ಕಾಲರೇ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತೆ. ಬಟ್ಟೆ, ಬಣ್ಣ, ಅಳತೆ ಎಲ್ಲ ಬೇರೆ ಯಾರೋ ತೀರ್ಮಾನ ಮಾಡಿದ್ದು. ಸಾವಿರಾರು ಶರ್ಟು ಕೈದಾಟಿ ಹೋದರೂ 'ಇದು ನಾನು ಹೊಲಿದ ಶರ್ಟು' ಅಂತ ಒಂದನ್ನೂ ತೋರಿಸೋಕೆ ಆಗಲ್ಲ.

ಮನೆಯಲ್ಲಿ ಹಿಡಿಯುವ ಕೈಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಯಾವ ಬಣ್ಣ, ಎಷ್ಟು ದೊಡ್ಡದು, ಎಲ್ಲಿ ನಿಲ್ಲಿಸಬೇಕು ಅನ್ನೋದೆಲ್ಲ ಹೊಲಿಯುವವರದೇ ತೀರ್ಮಾನ. ಮೊದಲ ಗಂಟಿನಿಂದ ಕೊನೇ ದಾರ ಕತ್ತರಿಸುವ ತನಕ ಒಂದೇ ಕೈ. ಖುಷಿ ಇರೋದೇ ಇಲ್ಲಿ.

ಕ್ರೋಶಾ: ಇವತ್ತಿಗೂ ಮೆಷಿನ್‌ಗೆ ಸಿಗದ ಕೆಲಸ

ಕ್ರೋಶಾಗೆ ಬೇಕಾಗೋದು ತುದಿಯಲ್ಲಿ ಕೊಕ್ಕೆ ಇರುವ ಒಂದು ಕಡ್ಡಿ ಮತ್ತು ದಾರ ಅಥವಾ ಉಲ್ಲನ್. ಕ್ರೋಶಾ ಅನ್ನುವ ಹೆಸರೂ ಫ್ರೆಂಚ್ ಭಾಷೆಯ 'ಸಣ್ಣ ಕೊಕ್ಕೆ' ಅನ್ನುವ ಮಾತಿನಿಂದಲೇ ಬಂದದ್ದು. ಸ್ವೆಟರ್ ಹೆಣೆಯುವ ನಿಟ್ಟಿಂಗ್‌ಗೆ ಎರಡು ಕಡ್ಡಿ ಬೇಕು, ಹತ್ತಾರು ಕುಣಿಕೆ ಒಟ್ಟಿಗೆ ಕಡ್ಡಿ ಮೇಲೆ ಕೂತಿರ್ತವೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದು ಹೊಲಿಗೆ ಮುಗಿಸಿಯೇ ಮುಂದಿನದು. ಹಾಗಾಗಿ ಕಡ್ಡಿ ಕೈಜಾರಿದರೂ ಇಡೀ ಕೆಲಸ ಬಿಚ್ಚಿಹೋಗಲ್ಲ.

ಕಲಿಯೋಕೆ ಮೂರು ವಿಷಯ ಸಾಕು. ಮೊದಲು ಚೈನ್, ಅಂದ್ರೆ ಸರಪಳಿ. ಕುಣಿಕೆಯೊಳಗಿಂದ ದಾರ ಎಳೆದರೆ ಇನ್ನೊಂದು ಕುಣಿಕೆ. ಆಮೇಲೆ ಗಿಡ್ಡ ಹೊಲಿಗೆ, ಆಮೇಲೆ ಉದ್ದ ಹೊಲಿಗೆ. ತೋರಣ, ಟಿವಿ ಮೇಲಿನ ಹೊದಿಕೆ, ಮಗುವಿನ ಟೋಪಿ, ಮೊಬೈಲ್ ಪೌಚ್ ಎಲ್ಲ ಹೆಚ್ಚುಕಡಿಮೆ ಈ ಮೂರರ ಲೆಕ್ಕಾಚಾರವೇ.

ಹೆಚ್ಚಿನವರಿಗೆ ಗೊತ್ತಿರದ ಸಂಗತಿ ಒಂದಿದೆ. ನೇಯ್ಗೆಗೆ ಮೆಷಿನ್ ಇದೆ, ನಿಟ್ಟಿಂಗ್‌ಗೂ ಇದೆ. ಆದರೆ ಕ್ರೋಶಾವನ್ನು ಫ್ಯಾಕ್ಟರಿ ಮಟ್ಟದಲ್ಲಿ ಮಾಡುವ ಮೆಷಿನ್ ಇನ್ನೂ ಬಂದಿಲ್ಲ. ಮಾಲ್‌ನಲ್ಲಿ ಕಡಿಮೆ ರೇಟಿಗೆ ನಿಜವಾದ ಕ್ರೋಶಾ ಟಾಪ್ ನೇತಾಡ್ತಿದ್ರೆ, ಎಲ್ಲೋ ಒಬ್ಬರು ಕೂತು ಕೈಯಲ್ಲೇ ಹಾಕಿದ್ದಾರೆ ಅಂತಲೇ ಅರ್ಥ. ಅವರಿಗೆ ಎಷ್ಟು ಸಿಕ್ಕಿರಬಹುದು ಅಂತ ಆ ರೇಟ್ ನೋಡಿದ್ರೆ ಊಹಿಸಬಹುದು.

ಇನ್ನೊಂದು ಅನುಕೂಲ, ತಪ್ಪಾದರೆ ಎಳೆದರಾಯ್ತು. ಸರ್ರನೆ ಬಿಚ್ಚಿಕೊಂಡು ದಾರ ಪೂರ್ತಿ ವಾಪಸ್ ಬರುತ್ತೆ. ಲೈನಿನಲ್ಲಿ ತಪ್ಪಾದ ಪೀಸ್ ರಿಜೆಕ್ಟ್ ಆಗುತ್ತೆ, ಬೈಗುಳವೂ ಬರಬಹುದು. ಇಲ್ಲಿ ತಪ್ಪಿಗೆ ಖರ್ಚಾಗೋದು ಸ್ವಲ್ಪ ಹೊತ್ತು ಮಾತ್ರ.

ಮನಸ್ಸು ಹಗುರಾಗುತ್ತೆ ಅನ್ನೋದನ್ನ ಆಸ್ಟ್ರೇಲಿಯಾದ ವಾಲಂಗಾಂಗ್ ವಿಶ್ವವಿದ್ಯಾಲಯದವರು ಕೇಳಿ ನೋಡಿದ್ದಾರೆ. ಬೇರೆ ಬೇರೆ ದೇಶಗಳ 8,391 ಕ್ರೋಶಾ ಹವ್ಯಾಸಿಗಳು ಆನ್‌ಲೈನ್ ಸಮೀಕ್ಷೆಗೆ ಉತ್ತರ ಕೊಟ್ಟರು. ಅವರಲ್ಲಿ ಶೇ. 89.5 ಮಂದಿ 'ಕ್ರೋಶಾ ಹಾಕಿದ್ರೆ ಮನಸ್ಸು ಶಾಂತವಾಗುತ್ತೆ' ಅಂದಿದ್ದಾರೆ. ಉತ್ತರ ಕೊಟ್ಟವರು ಮೊದಲೇ ಕ್ರೋಶಾ ಇಷ್ಟಪಟ್ಟವರು ಅನ್ನೋದು ನೆನಪಿರಲಿ. ಎಲ್ಲರಿಗೂ ಇದೇ ಮದ್ದು ಅಂತ ಹೇಳೋಕಾಗಲ್ಲ.

ಕುಚ್ಚು: ಚಂದಕ್ಕೂ ಮೊದಲು ಬಾಳಿಕೆಗೆ

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಣಿಸೋದು ಸೀರೆ ಕುಚ್ಚು. ಮಗ್ಗದಿಂದ ಇಳಿದ ಸೀರೆಯ ಸೆರಗಿನ ತುದಿಯಲ್ಲಿ ಎಳೆಗಳು ಬಿಡಿಬಿಡಿಯಾಗಿ ಉಳಿದಿರ್ತವೆ. ಹಾಗೇ ಬಿಟ್ಟರೆ ನೇಯ್ಗೆ ಬಿಚ್ಚಿಕೊಳ್ಳೋಕೆ ಶುರುವಾಗುತ್ತೆ. ಆ ಎಳೆಗಳನ್ನ ಸಮವಾಗಿ ಹಿಡಿದು ಗಂಟು ಹಾಕೋದೇ ಮೂಲ ಕುಚ್ಚು.

ಈಗ ಬೇರೆ ರೇಷ್ಮೆ ದಾರ ತಂದು, ಮಣಿ ಪೋಣಿಸಿ ಹಾಕೋದು ಜಾಸ್ತಿ. ಕ್ರೋಶಾ ಕುಚ್ಚಿನಲ್ಲಿ ಸೆರಗಿನ ಅಂಚಿಗೆ ಕೊಕ್ಕೆಯಿಂದ ದಾರ ಹಿಡಿದು, ಕಮಾನು ಕಮಾನಾಗಿ ಹೆಣೆದು, ಅದರ ಕೆಳಗೆ ಕುಚ್ಚು ಇಳಿಬಿಡ್ತಾರೆ. ಹೊಸಬರು ಮೊದಲ ದಿನವೇ ಮದುವೆ ಸೀರೆ ಮೇಲೆ ಕೈ ಇಡೋದು ಬೇಡ. ಹಳೇ ದುಪಟ್ಟಾ ಅಥವಾ ವೇಸ್ಟ್ ಬಟ್ಟೆ ಅಂಚಿನಲ್ಲಿ ನಾಲ್ಕೈದು ದಿನ ಕೈ ಪಳಗಿಸಿಕೊಳ್ಳಿ. ಕುಚ್ಚಿನ ನಡುವಿನ ಅಂತರ ಒಂದೇ ಸಮ ಬಂದರೆ ಅರ್ಧ ಕಲಿತಂಗೆ.

ಕೌದಿ: ಹಳೇ ಸೀರೆಗೆ ಹೊಸ ಜೀವ

ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದು ಇಲ್ಲಿ ನೆಲೆಸಿರುವ ಕುಟುಂಬಗಳಿಗೆ ಕೌದಿ ಹೊಸದೇನಲ್ಲ. ಹಳೇ ಹತ್ತಿ ಸೀರೆ, ಪಂಚೆಗಳನ್ನ ಒಂದರ ಮೇಲೊಂದು ಹಾಸಿ, ಸಾದಾ ಓಟದ ಹೊಲಿಗೆಯಲ್ಲಿ ಒತ್ತೊತ್ತಾಗಿ ಹೊಲಿದರೆ ಹಾಸೋಕೂ ಹೊದೆಯೋಕೂ ಆಗುವ ಕೌದಿ ರೆಡಿ. ತೊಳೆದು ತೊಳೆದು ಮೆತ್ತಗಾದ ಬಟ್ಟೆಯೇ ಇದಕ್ಕೆ ಬೇಕು. ಹೊಸ ಬಟ್ಟೆ ತೊಳೆದಾಗ ಕುಗ್ಗಿ ಹೊಲಿಗೆ ಎಳೆಯುತ್ತೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಸಮುದಾಯದ ಹೆಂಗಸರದ್ದು ಇನ್ನೊಂದು ರೀತಿ. ಅದಕ್ಕೆ ಕವಂದಿ ಅಂತಾರೆ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನಲ್ಲೇ ಸುತ್ತುತ್ತಾ, ಬಣ್ಣ ಬಣ್ಣದ ತುಂಡು ಇಟ್ಟು ಹೊಲಿಯುತ್ತಾ ನಡುವಿಗೆ ಬಂದು ಮುಗಿಸ್ತಾರೆ. ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ 'ಫುಲಾ', ಅಂದ್ರೆ ಹೂವು ಇಡದೆ ಕವಂದಿ ಪೂರ್ತಿ ಆಯ್ತು ಅನ್ನಲ್ಲ.

ಕಸೂತಿ: ಹಿಂದೆ ಮುಂದೆ ಒಂದೇ

ಧಾರವಾಡ ಕಡೆಯ ಕಸೂತಿಗೆ ಜಿಐ ಮಾನ್ಯತೆ ಇದೆ. ಇಳಕಲ್ ಸೀರೆ ಮೇಲೆ ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ ಮೂಡಿಸೋದು ಇದರ ಹೆಸರುವಾಸಿ ಕೆಲಸ. ಹಳೇ ಪದ್ಧತಿಯಲ್ಲಿ ಬಟ್ಟೆ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳೋದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು.

ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ಗವಂತಿಯಲ್ಲಿ ಒಂದು ಸಲ ಜಾಗ ಬಿಟ್ಟು ಬಿಟ್ಟು ಮುಂದೆ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬ್ತಾರೆ. ಸರಿಯಾಗಿ ಮಾಡಿದರೆ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ, ಗಂಟೂ ಕಾಣಬಾರದು. ಮುರ್ಗಿ ಅದೇ ರೀತಿಯದು, ಆದರೆ ಮೆಟ್ಟಿಲಿನಂತೆ ಅಂಕುಡೊಂಕಾಗಿ ಹೋಗುತ್ತೆ. ನೇಯ್ಗಿ ನೋಡೋಕೆ ಮಗ್ಗದಲ್ಲೇ ನೇಯ್ದ ಹಾಗಿರುತ್ತೆ. ಮೆಂತೆ ಅಂದ್ರೆ ಕತ್ತರಿ ಆಕಾರದ ಹೊಲಿಗೆ.

ಹೀಗೆ ಮನೆಯಲ್ಲಿ ಶುರುವಾಗುವ ಕೈಕೆಲಸ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಸಂಡೂರಿನ ಲಂಬಾಣಿ ಕಸೂತಿ ಉದಾಹರಣೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಪ್ಯಾಚ್‌ವರ್ಕ್ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಶುರು ಮಾಡೋದು ಹೇಗೆ?

* ಕ್ರೋಶಾಗೆ 4 ಎಂಎಂ ಆಸುಪಾಸಿನ ಕಡ್ಡಿ, ತಿಳಿ ಬಣ್ಣದ ಸ್ವಲ್ಪ ದಪ್ಪ ಉಲ್ಲನ್ ತಗೊಳ್ಳಿ. ಕಪ್ಪು ದಾರದಲ್ಲಿ ಹೊಲಿಗೆ ಕಾಣಲ್ಲ, ಹೊಸಬರಿಗೆ ಕಷ್ಟ.
* ಕಸೂತಿ ಕಲಿಯೋಕೆ ಮ್ಯಾಟಿ ಬಟ್ಟೆ ಒಳ್ಳೇದು, ಚೌಕಳಿ ಎಣಿಸೋದು ಸುಲಭ. ಕಸೂತಿ ದಾರದ ಲಡಿಯಲ್ಲಿ 6 ಎಳೆ ಇರುತ್ತೆ. ಬಿಡಿಸಿಕೊಂಡು ಒಂದೆರಡು ಎಳೆ ಮಾತ್ರ ಪೋಣಿಸಿ.
* ದಾರ ಮೊಳದುದ್ದಕ್ಕಿಂತ ಜಾಸ್ತಿ ಬೇಡ. ಉದ್ದ ಆದಷ್ಟೂ ಸಿಕ್ಕು ಜಾಸ್ತಿ.
* ಕೈಹೊಲಿಗೆ ಸೂಜಿಯಲ್ಲಿ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ. ಅಂಗಡಿಯಲ್ಲಿ ಕೇಳುವಾಗ ಗಮನ ಇರಲಿ.
* ದಿನವಿಡೀ ಮೆಷಿನ್ ಮುಂದೆ ಕೂತವರು ಸಂಜೆ 20 ನಿಮಿಷಕ್ಕಿಂತ ಹೆಚ್ಚು ಬಗ್ಗಿ ಕೂರಬೇಡಿ. ಬೆಳಕು ಚೆನ್ನಾಗಿರಲಿ. ಮಣಿಕಟ್ಟು ನೋವು ಬಂದರೆ ಅವತ್ತಿಗೆ ಸಾಕು.

ಸಾಮಾನು ಒಂದೇ ಕಡೆ ಬೇಕು ಅಂದ್ರೆ ಅವೆನ್ಯೂ ರಸ್ತೆ, ಚಿಕ್ಕಪೇಟೆ ಭಾಗದ ರಾಜಾ ಮಾರ್ಕೆಟ್ ಹೆಸರುವಾಸಿ. ಮಣಿ, ಲೇಸ್, ರೇಷ್ಮೆ ದಾರ ಎಲ್ಲ ಸಿಗುತ್ತೆ. 2024ರ ನವೆಂಬರ್‌ನಲ್ಲಿ ಮೆಟ್ರೋ ಮಾದಾವರದ ತನಕ ಬಂದ ಮೇಲೆ ಹೋಗಿಬರೋದು ಸಲೀಸು. ಮಾದಾವರದಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಎಲ್ಲೂ ಬದಲಾಯಿಸದೆ ಸೀದಾ ಚಿಕ್ಕಪೇಟೆಯಲ್ಲಿ ಇಳಿಯಬಹುದು.

'ಅಕ್ಕ, ನಂದೂ ಒಂದು ಸೀರೆ ಹಾಕಿಕೊಡಿ'

ಕೈ ಚೆನ್ನಾಗಿ ಕೂತಿದೆ ಅಂತ ಗೊತ್ತಾದರೆ ಪಕ್ಕದ ಮನೆಯವರು ಕೇಳೇ ಕೇಳ್ತಾರೆ. ಟೈಲರ್ ಅಂಗಡಿಯಿಂದ ಬ್ಲೌಸ್ ಹೆಮ್ಮಿಂಗ್, ಹುಕ್ಸ್ ಕೆಲಸವೂ ಬರಬಹುದು. ದುಡ್ಡು ಬಂದರೆ ಒಳ್ಳೇದೇ. ಆದರೆ ಲೆಕ್ಕ ಹಾಕದೆ ಒಪ್ಪಿಕೊಂಡರೆ ಹವ್ಯಾಸ ಹೋಗಿ ಮನೆಯಲ್ಲೇ ಇನ್ನೊಂದು ಟಾರ್ಗೆಟ್ ಶುರುವಾಗುತ್ತೆ.

ಉದಾಹರಣೆಗೆ, ಒಂದು ಸೀರೆ ಕುಚ್ಚಿಗೆ 300 ರೂಪಾಯಿ ಒಪ್ಪಿಕೊಂಡ್ರಿ ಅಂದುಕೊಳ್ಳಿ. ದಾರ, ಮಣಿಗೆ 80 ರೂಪಾಯಿ ಹೋಯ್ತು, ಉಳಿದಿದ್ದು 220. ಕೆಲಸಕ್ಕೆ 5 ಗಂಟೆ ಹಿಡಿದರೆ ಗಂಟೆಗೆ ಬಿದ್ದಿದ್ದು 44 ರೂಪಾಯಿ. ಜೊತೆಗೆ ಸೀರೆಗೆ ಕಲೆಯಾದರೆ ಜವಾಬ್ದಾರಿ ನಿಮ್ಮದೇ. ಮದುವೆ ಸೀಸನ್‌ನಲ್ಲಿ 'ನಾಳೆನೇ ಬೇಕು' ಅನ್ನುವವರೂ ಇರ್ತಾರೆ.

ಹಾಗಾಗಿ ಮೊದಲ ಎರಡು ಮೂರು ಕೆಲಸಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಸಾಮಾನಿನ ದುಡ್ಡು ಮುಂಗಡವಾಗಿ ಕೇಳಿ. ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕಿಕೊಳ್ಳಿ. ಸಂಬಂಧಿಕರು 'ನಮಗೂ ದುಡ್ಡಾ?' ಅಂದರೆ ಕೊಡೋದು ಬಿಡೋದು ನಿಮ್ಮಿಷ್ಟ, ಆದರೆ ದಾರದ ದುಡ್ಡು ಕೇಳೋಕೆ ನಾಚಿಕೆ ಬೇಡ. ಎಷ್ಟೇ ಆರ್ಡರ್ ಇದ್ದರೂ ಯಾರಿಗೂ ಕೊಡದ, ತಮಗೋಸ್ಕರವೇ ಹಾಕುವ ಒಂದು ಕೆಲಸ ಕೈಯಲ್ಲಿರಲಿ. ಅದಕ್ಕೆ ಡೆಡ್‌ಲೈನ್ ಬೇಡ.

ಇದು ಹೆಣ್ಣುಮಕ್ಕಳಿಗೆ ಮಾತ್ರ ಅಂತಲೂ ಇಲ್ಲ. ಊರೂರಿನ ಟೈಲರ್ ಅಂಗಡಿಗಳಲ್ಲಿ ಕಾಜಾ, ಹೆಮ್ಮಿಂಗ್ ಕೈಯಲ್ಲೇ ಮಾಡುವ ಗಂಡಸರನ್ನ ಎಲ್ಲರೂ ನೋಡಿದ್ದಾರೆ. ಮನೆಯಲ್ಲಿ ಮಗ ಕ್ರೋಶಾ ಕಡ್ಡಿ ಹಿಡಿದರೆ ನಗಬೇಡಿ, ಒಂದು ಉಂಡೆ ಉಲ್ಲನ್ ತಂದುಕೊಡಿ.

ಕಂಪನಿ ಶರ್ಟಿನ ಕಾಲರಿನಲ್ಲಿ ಬ್ರ್ಯಾಂಡ್ ಹೆಸರಿರುತ್ತೆ, ಹೊಲಿದವರ ಹೆಸರಿರಲ್ಲ. ಮನೆಯಲ್ಲಿ ಹೊಲಿದ ಕೌದಿಯ ಮೂಲೆಯಲ್ಲಿ ಹೆಸರು, ಇಸವಿ ಹಾಕಿಕೊಳ್ಳೋಕೆ ಮೊಳದುದ್ದ ದಾರ ಸಾಕು.