ತಾಯಿ ಕಾರ್ಡಿನ ಮೇಲೊಂದು ಕೆಂಪು ಚೀಟಿ

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಸಾಲು ಉದ್ದವಿರುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ದಿನ ಅದು. ತೂಕ, ಬಿ.ಪಿ., ರಕ್ತ, ಮೂತ್ರ ಎಲ್ಲ ನೋಡಿ, ಅಪಾಯದ ಸೂಚನೆ ಕಂಡವರ ತಾಯಿ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ಏನೂ ಇಲ್ಲದವರಿಗೆ ಹಸಿರು. ಕೆಂಪು ಚೀಟಿ ಮನೆಗೆ ಬಂದದ್ದೇ ತಡ, ಅತ್ತೆ, ಓರಗಿತ್ತಿ, ಪಕ್ಕದ ಮನೆ ಅಜ್ಜಿ ಎಲ್ಲರೂ ಡಾಕ್ಟರಾಗಿಬಿಡುತ್ತಾರೆ.

ಅವರು ಹೇಳುವುದೆಲ್ಲ ಅಪಾಯವೇನಲ್ಲ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ. ಆದರೂ ಹಾಲು ಒಳ್ಳೆಯದೇ, ಕುಡಿಯಲಿ ಬಿಡಿ. ಕೆಲವು ಮಾತುಗಳು ಮಾತ್ರ ಹೊತ್ತು ಕಳೆಸುತ್ತವೆ. ತೊಡಕಿನ ಬಸಿರಿನಲ್ಲಿ ಕೈಬಿಡಬಾರದ್ದು ಆ ಹೊತ್ತನ್ನೇ.

“ಹೈ ರಿಸ್ಕ್ ಅಂದ್ರೆ ಸಿಸೇರಿಯನ್ನೇ, ಮಗು ಉಳಿಯೋದೂ ಅನುಮಾನ”

ಹಾಗೇನಿಲ್ಲ. ಬಿ.ಪಿ., ಶುಗರ್, ತೀರಾ ಕಡಿಮೆ ರಕ್ತ, ಹೃದಯದ ತೊಂದರೆ, ಅವಳಿ, ಹಿಂದೆ ಆಗಿದ್ದ ಆಪರೇಷನ್, ಕೆಳಗೆ ಕೂತ ಮಾಸು, ತೀರಾ ಎಳೆ ವಯಸ್ಸು, 35 ದಾಟಿದ ವಯಸ್ಸು, ಹೀಗೆ ಎಷ್ಟೋ ಕಾರಣಕ್ಕೆ ಆ ಚೀಟಿ ಬೀಳುತ್ತದೆ. ಇವರಲ್ಲಿ ಹೆಚ್ಚಿನವರು ಆರೋಗ್ಯವಂತ ಮಗುವನ್ನೇ ಹೆರುತ್ತಾರೆ, ನಾರ್ಮಲ್ ಆಗುವವರೂ ಅನೇಕರು. ಯಾವ ಆಸ್ಪತ್ರೆಯಲ್ಲಿ ಹೆರಿಗೆ ಆಗಬೇಕು, ಎಷ್ಟು ದಿನಕ್ಕೊಮ್ಮೆ ತೋರಿಸಬೇಕು, ರಕ್ತ ಮತ್ತು ಗಾಡಿ ಯಾವಾಗ ಸಿದ್ಧವಿರಬೇಕು ಎಂದು ಗೊತ್ತುಮಾಡಿಕೊಳ್ಳುವುದಕ್ಕೆ ಚೀಟಿ ಇರುವುದು.

ಹಸಿರು ಚೀಟಿಯವರೂ ಮೈಮರೆಯುವ ಹಾಗಿಲ್ಲ. ಹೆರಿಗೆಯಾದ ಮೇಲೆ ವಿಪರೀತ ರಕ್ತಸ್ರಾವ ಆಗುವವರಲ್ಲಿ ಅಲ್ಲಿಯತನಕ ಒಂದು ತೊಂದರೆಯೂ ಕಾಣದಿದ್ದವರು ಎಷ್ಟೋ ಮಂದಿ. ಐದನೇ ತಿಂಗಳಲ್ಲಿ ಸರಿಯಿದ್ದ ಬಿ.ಪಿ. ಎಂಟನೇ ತಿಂಗಳಲ್ಲಿ ಏರಬಹುದು.

“ಟೆನ್ಷನ್ ಮಾಡ್ಕೊಂಡ್ಲು, ಅದಕ್ಕೇ ಬಿ.ಪಿ. ಬಂತು”

ಎಲ್ಲಕ್ಕಿಂತ ಅನ್ಯಾಯದ ಮಾತು ಇದು. ಮೊದಲೇ ಹೆದರಿದವಳ ತಲೆಗೆ ಅಪರಾಧವನ್ನೂ ಕಟ್ಟುತ್ತದೆ. ಬಸಿರಿನಲ್ಲಿ ಬರುವ ಬಿ.ಪಿ.ಯ ಬೇರು ಮಾಸಿನಲ್ಲಿದೆ. ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶಕ್ಕೆ ಅಂಟಿಕೊಳ್ಳುವಾಗ ಅಲ್ಲಿನ ರಕ್ತನಾಳಗಳು ಅಗಲವಾಗಬೇಕು. ಕೆಲವರಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಹೊರಗೆ ಕಾಣಿಸಿಕೊಳ್ಳುವುದು ಐದು ತಿಂಗಳು ತುಂಬಿದ ಮೇಲೆ, 140/90 ದಾಟಿದಾಗ. ಅವಳು ಯಾವ ಚಿಂತೆ ಮಾಡಿದಳು, ಯಾರ ಜೊತೆ ಜಗಳವಾಡಿದಳು ಎಂದು ಹುಡುಕುವ ಹೊತ್ತಿಗೆ ಅದು ಶುರುವಾಗಿ ತಿಂಗಳುಗಳೇ ಆಗಿರುತ್ತವೆ.

ಉಪ್ಪು ಬಿಡಿಸಿದರೆ ಇದು ತಪ್ಪುವುದಿಲ್ಲ. ಪಾದ ಊದುವುದು ಬಹಳ ಜನಕ್ಕೆ ಸಹಜ. ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಂಡು ಬಳೆ ಬಿಗಿಯಾದರೆ, ಮಾತ್ರೆಗೂ ಜಗ್ಗದ ತಲೆನೋವು ಬಂದರೆ, ಕಣ್ಣು ಮಂಜಾದರೆ ಆಸ್ಪತ್ರೆಗೆ ಹೊರಡಬೇಕು. ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಬರುವ ನೋವಂತೂ ದೊಡ್ಡ ಮೋಸಗಾರ. “ಗ್ಯಾಸ್ ಇರ್ಬೇಕು” ಎಂದು ಜೀರಿಗೆ ಕಷಾಯ ಕಾಯಿಸುತ್ತಾರೆ, ಸೋಡಾ ತರಿಸುತ್ತಾರೆ, ಬೆಳಗಾಗಲಿ ಎಂದು ಕಾಯುತ್ತಾರೆ. ಏರಿದ ಬಿ.ಪಿ.ಯಿಂದ ಲಿವರ್‌ಗೆ ಪೆಟ್ಟು ಬಿದ್ದಾಗಲೂ ನೋವು ಅಲ್ಲೇ ಬರುವುದು. ಬೆಳಗಿನ ತನಕ ಕಾಯುವ ನೋವಲ್ಲ ಅದು.

ಮುಂದಿನ ಹಂತ ಫಿಟ್ಸ್. ಬಸುರಿಗೆ ಫಿಟ್ಸ್ ಬಂದರೆ ಗಾಳಿ ಸೋಕಿತು ಎಂದು ಯಂತ್ರ ಕಟ್ಟಿಸಲು ಓಡುವ ಮನೆಗಳು ಈಗಲೂ ಇವೆ. ಇದಕ್ಕೆ ಮದ್ದು ಮೆಗ್ನೀಷಿಯಂ ಸಲ್ಫೇಟ್, ಬೆಲೆ ಕಡಿಮೆಯ ಹಳೆಯ ಔಷಧ. 33 ದೇಶಗಳ 10,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಮ್ಯಾಗ್‌ಪೈ ಅಧ್ಯಯನ 2002ರಲ್ಲಿ ಪ್ರಕಟವಾಯಿತು; ಈ ಚುಚ್ಚುಮದ್ದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕೂ ಕೆಳಗಿಳಿಸುತ್ತದೆಂದು ಅದು ತೋರಿಸಿತು. ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲ ಡೋಸ್ ಕೊಡಬಹುದು. ಮನೆಯವರು ಮಾಡಬೇಕಾದ್ದು ಇಷ್ಟೇ: ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ನೀರು ಏನೂ ಹಾಕದೆ, ಕೈಗೆ ಕಬ್ಬಿಣ ಹಿಡಿಸುತ್ತ ಕೂರದೆ 108ಕ್ಕೆ ಫೋನ್ ಮಾಡುವುದು.

ಬಿ.ಪಿ. ಮಾತ್ರೆ ಮಗುವಿಗೆ ಕೆಟ್ಟದ್ದೆಂದು ತಾವೇ ನಿಲ್ಲಿಸುವವರಿದ್ದಾರೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ ಬಸಿರಿನಲ್ಲಿ ಬಹುಕಾಲದಿಂದ ಕೊಡುತ್ತ ಬಂದಿರುವ ಮದ್ದುಗಳು. ಆದರೆ ಮದುವೆಗೆ ಮೊದಲಿನಿಂದಲೇ ಬಿ.ಪಿ. ಇದ್ದು ಟೆಲ್ಮಿಸಾರ್ಟನ್, ರಾಮಿಪ್ರಿಲ್, ಎನಾಲಪ್ರಿಲ್ ನುಂಗುತ್ತಿದ್ದರೆ, ಮಗು ಬೇಕೆಂದು ನಿರ್ಧರಿಸಿದಾಗಲೇ ಡಾಕ್ಟರ ಬಳಿ ಬದಲಿಸಿಕೊಳ್ಳಬೇಕು. ಅಪಸ್ಮಾರಕ್ಕೆ ವಾಲ್‌ಪ್ರೋಯೇಟ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಇದ್ದಕ್ಕಿದ್ದಂತೆ ನಿಲ್ಲಿಸುವುದೂ ಅಪಾಯವೇ.

“ಏಳರ ಕೂಸು ಉಳಿಯುತ್ತೆ, ಎಂಟರದ್ದು ಉಳಿಯಲ್ಲ”

ನಮ್ಮ ಹಳ್ಳಿಗಳಲ್ಲಷ್ಟೇ ಇರುವ ನಂಬಿಕೆಯಲ್ಲ ಇದು. ಹಿಪ್ಪೊಕ್ರೇಟಸ್ ಹೆಸರಿನಲ್ಲಿ ಉಳಿದು ಬಂದಿರುವ ಗ್ರೀಕ್ ವೈದ್ಯಗ್ರಂಥಗಳಲ್ಲಿ ಎಂಟು ತಿಂಗಳ ಮಗುವಿನ ಕುರಿತೇ ಒಂದು ಪುಸ್ತಕವಿದೆ. ಎರಡು ಸಾವಿರ ವರ್ಷ ಬಾಳಿದ ಮಾತ್ರಕ್ಕೆ ನಿಜವಾಗಲಿಲ್ಲ. ಒಳಗೆ ಕಳೆದ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ ಲಾಭ. ಎಂಟರ ಮಗು ಬದುಕುವ ಸಾಧ್ಯತೆ ಏಳರದ್ದಕ್ಕಿಂತ ಹೆಚ್ಚು. ಎಂಟರಲ್ಲಿ ನೋವು ಬಂತೆಂದು ಕೈಚೆಲ್ಲಿ ಕೂರುವುದು ಶುದ್ಧ ತಪ್ಪು.

ಮಗು ಬೇಗ ಹುಟ್ಟುವ ಸೂಚನೆ 34 ವಾರದೊಳಗೆ ಕಂಡರೆ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ: 12 ಗಂಟೆಗೊಂದರಂತೆ ನಾಲ್ಕು. ಅದು ಮಗುವಿನ ಶ್ವಾಸಕೋಶವನ್ನು ಬೇಗ ಮಾಗಿಸುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಹೆರಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಗ ಇಂಥ ಸ್ಟೀರಾಯ್ಡಿನ ಗುಣ ಕಣ್ಣಿಗೆ ಬಿತ್ತು. 1972ರಲ್ಲಿ ಅವರೂ ಹೋವಿ ಎಂಬ ವೈದ್ಯರೂ ಹೆಂಗಸರಲ್ಲಿ ಅದನ್ನು ಸಾಬೀತು ಮಾಡಿದರು. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಬೇಡವೆನ್ನಬೇಡಿ. ಆಸ್ಪತ್ರೆಗೆ ಬೇಗ ತಲುಪಿದರಷ್ಟೇ ನಾಲ್ಕೂ ಡೋಸ್ ಮುಗಿಸಲು ಸಮಯ ಸಿಗುವುದು.

“ಕಬ್ಬಿಣದ ಮಾತ್ರೆ ನುಂಗಿದ್ರೆ ಮಗು ಕಪ್ಪಾಗುತ್ತೆ, ದಪ್ಪ ಆಗುತ್ತೆ”

ಕಪ್ಪಾಗುವುದು ಮಲ. ಬಹುಶಃ ಅಲ್ಲಿಂದಲೇ ಹುಟ್ಟಿದ ಭಯ. ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಊಟ ಕಡಿಮೆ ಮಾಡುವವರೂ ಇದ್ದಾರೆ. ಅದರಿಂದ ತಾಯಿ ಸೊರಗುತ್ತಾಳೆ, ಮಗು ತೂಕವಿಲ್ಲದೆ ಹುಟ್ಟುತ್ತದೆ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ. 12 ಇರುವವಳು ತಡೆದುಕೊಳ್ಳುವಷ್ಟೇ ರಕ್ತ ಹೋದರೂ 6 ಇರುವವಳ ಜೀವಕ್ಕೆ ಕುತ್ತು. ಮಾತ್ರೆಯನ್ನು ಕಾಫಿ, ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಯೂ ಬೇಡ. ನಿಂಬೆ ಪಾನಕದೊಂದಿಗೆ ಚೆನ್ನಾಗಿ ಹತ್ತುತ್ತದೆ. ವಾಕರಿಕೆ ಬಂದರೆ ರಾತ್ರಿ ಮಲಗುವಾಗ ನುಂಗಿ. ಮಾತ್ರೆ ಆಗಿಬರದಿದ್ದರೆ ಡ್ರಿಪ್ ಮೂಲಕ ಕಬ್ಬಿಣದಂಶ ಕೊಡುತ್ತಾರೆ.

“ಮುದ್ದೆ ತಿಂದ್ರೆ ಶುಗರ್ ಬರಲ್ಲ, ಇನ್ಸುಲಿನ್ ಒಂದ್ಸಲ ಹಿಡಿದ್ರೆ ಬಿಡಲ್ಲ”

ರಾಗಿ ಒಳ್ಳೆಯದು, ನಿಜ. ಆದರೆ ಅದರಲ್ಲೂ ಪಿಷ್ಟ ಇದೆ. ಎರಡು ದೊಡ್ಡ ಮುದ್ದೆ ತಿಳಿಸಾರಿನಲ್ಲಿ ನುಂಗಿದರೆ ಶುಗರ್ ಏರಿಯೇ ಏರುತ್ತದೆ; ಸಣ್ಣ ಮುದ್ದೆಗೆ ಸೊಪ್ಪು, ಕಾಳು ಹೆಚ್ಚಿರಲಿ. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಚುಚ್ಚಿಸಿಕೊಂಡ ಇನ್ಸುಲಿನ್ ದಾಟುವುದಿಲ್ಲ. ಮಗುವಿಗೆ ತೊಂದರೆ ಯಾವುದರಿಂದ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಬಸಿರಿನಲ್ಲೇ ಶುಗರ್ ಬಂದವರಲ್ಲಿ ಬಹಳ ಮಂದಿಗೆ ಹೆರಿಗೆಯಾದ ಕೂಡಲೇ ಇನ್ಸುಲಿನ್ ನಿಲ್ಲಿಸುತ್ತಾರೆ. ಗ್ರಹಣದ ದಿನ ಇನ್ಸುಲಿನ್ ಚುಚ್ಚಿಕೊಂಡು ಉಪವಾಸ ಕೂತರೆ ಮಾತ್ರ ಶುಗರ್ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಅಂದೂ ಹೊತ್ತಿಗೆ ಸರಿಯಾಗಿ ಊಟ ಮಾಡಲಿ.

“ಹಾಸಿಗೆ ಬಿಟ್ಟು ಏಳ್ಬಾರ್ದು”

ತಿಂಗಳುಗಟ್ಟಲೆ ಮಲಗಿಸಿದರೆ ಅವಧಿಪೂರ್ವ ಹೆರಿಗೆಯಾಗಲಿ ಬಿ.ಪಿ.ಯಾಗಲಿ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಂತೂ ಇದೆ. ಭಾರ ಎತ್ತುವುದು ಬೇಡ ಎಂದರೆ ಬೇಡ, ಅಷ್ಟೇ.

“ತಿಂಗಳು ತುಂಬಿದ ಮೇಲೆ ಮಗು ಅಲುಗಾಡೋದು ಕಡಿಮೆ ಆಗುತ್ತೆ”

ಇಲ್ಲ. ಕೊನೆಯ ದಿನದವರೆಗೂ ಮಗು ತನ್ನ ರೂಢಿಯಂತೆ ಅಲುಗಾಡಬೇಕು. ಕಡಿಮೆ ಅನ್ನಿಸಿದರೆ ಅದೇ ದಿನ ಆಸ್ಪತ್ರೆಗೆ.

“ಚೊಚ್ಚಲು ತವರಲ್ಲೇ ಆಗ್ಬೇಕು”

ಇದನ್ನು ತಪ್ಪು ಕಲ್ಪನೆ ಎನ್ನಲು ನನಗೆ ಮನಸ್ಸಿಲ್ಲ. ಹೆದರಿದ ಹುಡುಗಿಗೆ ಅಮ್ಮನ ಮನೆಯಂಥ ಜಾಗ ಇನ್ನೊಂದಿಲ್ಲ. ಕಷ್ಟ ಇರುವುದು ವೇಳೆಯಲ್ಲಿ. ಏಳರಲ್ಲಿ ಸೀಮಂತ ಮುಗಿಸಿ ಮಗಳನ್ನು ಕರೆದೊಯ್ಯುವ ಹೊತ್ತಿಗೇ ಬಿ.ಪಿ., ಶುಗರ್ ತಲೆಯೆತ್ತುತ್ತವೆ. ಇಲ್ಲಿನ ಡಾಕ್ಟರು ಬಿಟ್ಟರು, ಅಲ್ಲಿನವರು ಇನ್ನೂ ನೋಡಿಲ್ಲ. ನಡುವಿನ ಮೂರ್ನಾಲ್ಕು ವಾರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸ್ಕ್ಯಾನಿಂಗ್ ವರದಿ ಗಂಡನ ಮನೆ ಬೀರುವಿನಲ್ಲಿ ಉಳಿದಿರುತ್ತದೆ, ರಕ್ತದ ಗುಂಪು ಯಾರಿಗೂ ನೆನಪಿರುವುದಿಲ್ಲ.

ಕೆಂಪು ಚೀಟಿಯವರು ಸೀಮಂತದ ಮುಹೂರ್ತಕ್ಕಿಂತ ಮೊದಲು ಗೊತ್ತುಮಾಡಬೇಕಾದ್ದು ತವರಿನ ಕಡೆಯ ಆಸ್ಪತ್ರೆಯನ್ನು. ರಾತ್ರಿ ಹೊತ್ತು ಆಪರೇಷನ್ ಮಾಡುವವರು, ಅರಿವಳಿಕೆ ಡಾಕ್ಟರು, ರಕ್ತನಿಧಿ, ಎಳೆಕೂಸಿನ ಘಟಕ ಅಲ್ಲಿ ಇವೆಯೇ? ಇಲ್ಲದಿದ್ದರೆ ಅಮ್ಮನೇ ಬಂದು ಮಗಳ ಮನೆಯಲ್ಲಿ ಇರಲಿ. ಸಂಪ್ರದಾಯ ಅಷ್ಟಕ್ಕೆ ಮುರಿಯುವುದಿಲ್ಲ. ಹೋಗುವುದೇ ಆದರೆ ತಾಯಿ ಕಾರ್ಡು, ವರದಿಗಳು, ಮಾತ್ರೆ ಚೀಟಿ ಎಲ್ಲ ಒಂದೇ ಚೀಲದಲ್ಲಿರಲಿ, ತಲುಪಿದ ವಾರದಲ್ಲೇ ಅಲ್ಲೊಮ್ಮೆ ತೋರಿಸಿ, ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ರಕ್ತ ಕೊಡುವ ಇಬ್ಬರನ್ನು ಗೊತ್ತುಮಾಡಿಟ್ಟಿರಿ. ನೆಗೆಟಿವ್ ಗುಂಪಿನವರಾದರೆ ಆ್ಯಂಟಿ-ಡಿ ಚುಚ್ಚುಮದ್ದು ಎಲ್ಲಿ ಸಿಗುತ್ತದೆಂದು ಕೇಳಿಕೊಳ್ಳಿ; ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಅದು ಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ.

“ಹೆರಿಗೆ ಆಯ್ತಲ್ಲ, ಗಂಡಾಂತರ ಕಳೀತು”

ಬಿ.ಪಿ. ಮತ್ತು ಫಿಟ್ಸ್ ಹೆರಿಗೆಯಾದ ಮೇಲೂ ಬರಬಹುದು. ಬಾಣಂತಿಗೆ ತಂಡಿಯಾದೀತೆಂದು ನೀರು ಕೊಡದೆ ಇಡುವ ಪದ್ಧತಿಯಂತೂ ನಿಲ್ಲಲೇಬೇಕು. ಬಾಣಂತನದಲ್ಲಿ ರಕ್ತ ಮೊದಲೇ ಹೆಪ್ಪುಗಟ್ಟುವ ಗುಣದ್ದು. ಮೈಯಲ್ಲಿ ನೀರಿಲ್ಲದಿದ್ದರೆ ಮೆದುಳಿನ ಅಭಿಧಮನಿಯಲ್ಲೇ ಹೆಪ್ಪುಗಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ಬಾಣಂತಿಯರನ್ನು ದಶಕಗಳಿಂದ ನೋಡುತ್ತ, ಬರೆಯುತ್ತ ಬಂದಿದ್ದಾರೆ. ತಲೆನೋವು, ಫಿಟ್ಸ್, ಜ್ವರ, ಅಸಂಬದ್ಧ ಮಾತು ಕಂಡಾಗ ಬಾಣಂತಿ ಸನ್ನಿ ಎಂದು ಕೋಣೆಯ ಬಾಗಿಲು ಹಾಕಬಾರದು. ಮನಸ್ಸಿನ ಕಾಯಿಲೆಯೇ ಆಗಿದ್ದರೂ ಚಿಕಿತ್ಸೆಯಿದೆ. ತಾಯಿ, ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ಘಟಕ ನಿಮ್ಹಾನ್ಸ್‌ನಲ್ಲೇ ಇದೆ.

ಶುಗರ್ ಇದ್ದವರು ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಬಿ.ಪಿ. ಬಂದಿದ್ದವರಿಗೆ ಮುಂದಿನ ಬಸಿರಿನಲ್ಲೂ ಬರುವ ಸಾಧ್ಯತೆ ಹೆಚ್ಚು. ಅದನ್ನು ತಗ್ಗಿಸಲು ವೈದ್ಯರು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ 12ನೇ ವಾರದ ಹೊತ್ತಿಗೆ, ತಡವೆಂದರೆ 16ರೊಳಗೆ ಶುರುವಾಗಬೇಕು. ಫೋಲಿಕ್ ಆಮ್ಲದ ಮಾತ್ರೆಯಂತೂ ಬಸಿರು ನಿಲ್ಲುವುದಕ್ಕೂ ಮೊದಲೇ ಬೇಕು. ಮೂರು ತಿಂಗಳು ತುಂಬುವವರೆಗೂ ಯಾರಿಗೂ ಹೇಳಬಾರದೆನ್ನುವ ಮನೆಗಳಲ್ಲಿ, ಆ ‘ಯಾರಿಗೂ’ ಲೆಕ್ಕದಲ್ಲಿ ಡಾಕ್ಟರನ್ನು ಸೇರಿಸಬೇಡಿ.